ಕೌದಿಯೂ ಉರುಳುವ ಅಲಗೂ

ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳ ರೂಢಿ. ಮುಂಬಯಿಗೆ ಬಂದ ನಾವೂ ಅದನ್ನು ಬಿಟ್ಟಿಲ್ಲ. ನಮ್ಮ ತಾಯಿಯವರ ಇಳಕಲ್ಲ ಸೀರೆ ಒಂದೇ ಉಳಿದಿರುವಾಗ ಅಳತೆ ತಪ್ಪುವಂತಿಲ್ಲ. ಅದಕ್ಕೆಂದೇ ರೋಟರಿ ಕಟರನ್ನು ಆರಿಸಿಕೊಂಡೆವು. 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆಯು ಹೊರತಂದ ಈ ಸಾಧನದ ಅಲಗು ಚಕ್ರದಂತೆ ಉರುಳಿ, ಬಟ್ಟೆಯನ್ನು ಎತ್ತದೆಯೇ ನೇರವಾಗಿ ಕತ್ತರಿಸುತ್ತದೆ. ಸಾಮಾನ್ಯ ಕೆಲಸಕ್ಕೆ 45 ಮಿಲಿಮೀಟರ್ ಅಲಗು ಸಾಕು. ಕೆಳಗೆ ಚೌಕಗೆರೆಗಳುಳ್ಳ ಕಟಿಂಗ್ ಮ್ಯಾಟ್ ಇರಬೇಕು. ಬರಿಯ ಮೇಜಿನ ಮೇಲೆ ಅಲಗು ಬೇಗನೆ ಮೊಂಡಾಗುವುದು. ಮ್ಯಾಟನ್ನು ಬಿಸಿಲಿಗೆ ಒಡ್ಡದೆ ಸಮತಟ್ಟಾಗಿ ಇಡಬೇಕು. ಕಾವು ತಗುಲಿದರೆ ಅದು ಡೊಂಕಾಗುವುದು.

ವಿದ್ಯಾರ್ಥಿಗಳೇ, ಮೊಂಡಾದ ಅಲಗನ್ನು ಬಲವಾಗಿ ಒತ್ತಿದರೆ ಕೈ ಜಾರುವುದು. ಆಗಲೇ ಹೊಸದನ್ನು ಹಾಕಿರಿ. ಹಿರಿಯರ ಎದುರಿನಲ್ಲಿ ಮಾತ್ರ ಬಳಸಿರಿ. ಪ್ರತಿ ಸಲವೂ ಕತ್ತರಿಸಿದೊಡನೆ ಅಲಗನ್ನು ಮುಚ್ಚಿರಿ. ಸೀರೆ ಹರಿದರೆ ತೇಪೆ ಹಾಕಬಹುದು, ಬೆರಳಿಗೆ ಹಾಕಲಾಗದು.