ಅತ್ತೆಯ ಮನೆಯ ಕೃಷ್ಣ

ರೈಲಿನಲ್ಲಿ ಗೌರಿಬಿದನೂರು ದಾಟಿದರೆ ಹಿಂದೂಪುರ. ಊರು ಆಂಧ್ರದ್ದಾದರೂ ಕನ್ನಡದ ಮಾತಿಗೆ ಅಲ್ಲಿ ಬರವಿಲ್ಲ. ನನ್ನ ಸೋದರತ್ತೆಯನ್ನು ಕೊಟ್ಟದ್ದು ಆ ಊರಿಗೆ. ಮಾವನವರದು ಬೆಲ್ಲದ ಮಂಡಿ. ಅತ್ತೆಯ ದೇವರ ಮನೆಯಲ್ಲಿ ವೆಂಕಟರಮಣನ ಪಕ್ಕಕ್ಕೆ ಒಂದು ಕೃಷ್ಣನ ಪಟವಿತ್ತು. ನವಿಲುಗರಿ, ತುಂಬುಗೆನ್ನೆ, ತುಟಿಯಂಚಿನಲ್ಲಿ ಎಲ್ಲವನ್ನೂ ಬಲ್ಲವನ ನಗೆ. ಆತ 1957ರ ತೆಲುಗು ‘ಮಾಯಾಬಜಾರ್’ ಚಿತ್ರದ ಎನ್. ಟಿ. ರಾಮರಾಯರೆಂದು ನನಗೆ ತಿಳಿಯುವ ಹೊತ್ತಿಗೆ ಆ ಪಟಕ್ಕೆ ಎಷ್ಟು ನಮಸ್ಕಾರ ಸಂದಿದ್ದುವೋ! ಹಿಂದಕ್ಕೆ ಕೇಳುವಂತಿರಲಿಲ್ಲ.

1982ರ ಮಾರ್ಚಿಯಲ್ಲಿ ಈ ಕೃಷ್ಣ ‘ತೆಲುಗು ದೇಶಂ’ ಎಂಬ ಪಕ್ಷ ಕಟ್ಟಿದಾಗ ನಾನು ಬೆಂಗಳೂರಿನ ಕಛೇರಿಯಲ್ಲಿ ಕುಳಿತು ನಕ್ಕವರ ಪೈಕಿ. ಬಣ್ಣ ಹಚ್ಚಿದವರು ರಾಜ್ಯವಾಳುವುದುಂಟೆ ಎಂದು ವಾದಿಸಿದ್ದೆ. ಮದರಾಸಿನ ಎಂ. ಜಿ. ಆರ್. ಆಗಲೇ ಆಳುತ್ತಿದ್ದುದು ವಾದದ ಬಿಸಿಯಲ್ಲಿ ಮರೆತುಹೋಗಿತ್ತು. ಕಾಂಗ್ರೆಸ್ಸು ಐದು ವರ್ಷಕ್ಕೆ ನಾಲ್ಕು ಮಂದಿ ಮುಖ್ಯಮಂತ್ರಿಗಳನ್ನು ದೆಹಲಿಯಿಂದಲೇ ಬದಲಾಯಿಸಿದ್ದು ತೆಲುಗರಿಗೆ ನೊಂದಿತ್ತು. ರಾಮರಾಯರು ಒಂದು ಹಳೆಯ ಷೆವರ್ಲೆ ವ್ಯಾನಿಗೆ ‘ಚೈತನ್ಯ ರಥ’ವೆಂದು ಹೆಸರಿಟ್ಟು, ಅದರ ನೆತ್ತಿಯ ಮೇಲೆ ನಿಂತು ಊರೂರು ಸುತ್ತಿದರು. 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಎರಡು ರೂಪಾಯಿಗೆ ಒಂದು ಕಿಲೋ ಅಕ್ಕಿ ಬಂತು. ವಂಶಪಾರಂಪರ್ಯದ ಗ್ರಾಮಾಧಿಕಾರ ಹೋಯಿತು. ಮುಂದೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾಗಿ ಪಾಲೂ ಬಂತು. ನಾವು ಕರ್ನಾಟಕದವರು ಅದಕ್ಕೆ 1994ರವರೆಗೆ ಕಾಯಬೇಕಾಯಿತು. ನನ್ನ ನಗೆ ಅಲ್ಲಿಗೆ ನಿಂತಿತು.

1984ರ ಆಗಸ್ಟಿನಲ್ಲಿ, ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವರು ಆಗ ತಾನೇ ಹಿಂದಿರುಗಿದ್ದರು. ರಾಜ್ಯಪಾಲ ರಾಮಲಾಲರು ಅವರನ್ನು ವಜಾಮಾಡಿ, ಅವರದೇ ಸಂಪುಟದಲ್ಲಿದ್ದ ನಾದೆಂಡ್ಲ ಭಾಸ್ಕರರಾಯರನ್ನು ಗದ್ದುಗೆಯಲ್ಲಿ ಕೂರಿಸಿದರು. ರಾಮರಾಯರು ಗಾಲಿಕುರ್ಚಿಯಲ್ಲಿ ಕುಳಿತೇ ತಮ್ಮ ಶಾಸಕರೊಡನೆ ರಾಷ್ಟ್ರಪತಿಗಳ ಮುಂದೆ ಹೋದರು. ಶಾಸಕರು ಕೈಜಾರದಂತೆ ನೋಡಿಕೊಳ್ಳಲು ನಮ್ಮ ರಾಮಕೃಷ್ಣ ಹೆಗಡೆಯವರು ಕರ್ನಾಟಕದಲ್ಲಿ ಆಶ್ರಯ ಕೊಟ್ಟರು. ಅತಿಥಿಸತ್ಕಾರದಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಆಂಧ್ರದ ಬೀದಿಬೀದಿಗಳಲ್ಲಿ ಜನ. ದೀಪಾವಳಿಯ ದಿನವೂ ಬಾಗಿಲು ಹಾಕದ ಮಾವನವರು ಮಂಡಿಗೆ ಬೀಗ ಜಡಿದರು. ಗಂಡನ ಹಿಂದಲ್ಲದೆ ಹೊಸಲು ದಾಟದ ಅತ್ತೆ ಮೆರವಣಿಗೆಯಲ್ಲಿ ನಡೆದರಂತೆ, ಅದೂ ಬರಿಗಾಲಿನಲ್ಲಿ. ಒಂದು ತಿಂಗಳಿಗೆ ಸರಿಯಾಗಿ, ಸೆಪ್ಟೆಂಬರಿನಲ್ಲಿ, ರಾಮರಾಯರು ಮತ್ತೆ ಮುಖ್ಯಮಂತ್ರಿ.

1985ರಲ್ಲಿ ಅವರು ಹಿಂದೂಪುರದ ಶಾಸಕರೇ ಆದರು. 1989ರಲ್ಲಿ ರಾಜ್ಯ ಕೈಬಿಟ್ಟಿತು. ಇನ್ನೊಂದು ಕ್ಷೇತ್ರದಲ್ಲಿ ಸ್ವತಃ ಸೋತರು. ಹಿಂದೂಪುರ ಮಾತ್ರ ಕೈಬಿಡಲಿಲ್ಲ. 1994ರ ಡಿಸೆಂಬರಿನಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಾನ ಗೆದ್ದು ಬಂದರು.

ಎಂಟೇ ತಿಂಗಳು. ಎರಡನೆಯ ಮಡದಿಯ ಮಾತು ಪಕ್ಷದಲ್ಲಿ ಹೆಚ್ಚಾಯಿತೆಂದು ಅಳಿಯ ಚಂದ್ರಬಾಬು ನಾಯ್ಡು ಅವರ ಹಿಂದೆ ಶಾಸಕರು ಹೈದರಾಬಾದಿನ ವೈಸರಾಯ್ ಹೋಟೆಲಿನಲ್ಲಿ ಸೇರಿದರು. ಮುದುಕರು ರಥವೇರಿ ಅಲ್ಲಿಗೆ ಹೋದರೆ, ಎದುರಾಗಿ ಬಂದದ್ದು ಚಪ್ಪಲಿ.

ಆ ವಾರ ನಾನು ಯಾವುದೋ ಮದುವೆಗೆಂದು ಹಿಂದೂಪುರದಲ್ಲಿದ್ದೆ. ಮಂಡಿ ತೆರೆದಿತ್ತು. ಅಚ್ಚುಗಳು ತಕ್ಕಡಿ ಏರುತ್ತಿದ್ದುವು, ಇಳಿಯುತ್ತಿದ್ದುವು. ನನಗೆ ತಡೆಯಲಾಗಲಿಲ್ಲ.

“ಏನತ್ತೆ, ಈ ಸಲ ಮೆರವಣಿಗೆ ಇಲ್ಲವೆ?”

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. “ಅವತ್ತು ನಮ್ಮ ಓಟನ್ನು ಕಿತ್ತುಕೊಂಡಿದ್ದರು ಕಣೋ. ಇದು ಅವರ ಮನೆಯ ಜಗಳ. ಮಾವ ಅಳಿಯಂದಿರ ನಡುವೆ ಊರವರು ಬಾಯಿ ಹಾಕುತ್ತಾರೇನು?”

ಉರುಳುತ್ತಿದ್ದವರು ಅವರದೇ ಊರಿನ ಶಾಸಕರು, ಓಟು ಅವರದೇ. ಹಾಗೆನ್ನಬೇಕೆಂದು ಬಾಯಿಗೆ ಬಂತು, ಅನ್ನಲಿಲ್ಲ. ತಪ್ಪು ಅತ್ತೆಯದೊಂದೇ ಎಂದು ಹೇಗೆ ಹೇಳಲಿ? ಪಕ್ಷಕ್ಕೆ ತಮ್ಮ ಮುಖವನ್ನೇ ಬಾವುಟ ಮಾಡಿದವರು ರಾಮರಾಯರು. ಟಿಕೆಟ್ಟು ಅವರ ಕೈಯಿಂದ, ಮಂತ್ರಿಗಿರಿ ಅವರ ಕೈಯಿಂದ, ಅಳಿಯನನ್ನು ಅಷ್ಟೆತ್ತರಕ್ಕೆ ಬೆಳೆಸಿದ್ದೂ ಅವರ ಕೈ. ಮನೆಗೂ ರಾಜ್ಯಕ್ಕೂ ನಡುವೆ ಒಂದು ಗೋಡೆ ಎತ್ತಿದ್ದರೆ ಊರವರಿಗೆ ನಿಲ್ಲಲು ಒಂದಿಷ್ಟು ಜಾಗವಾದರೂ ಉಳಿಯುತ್ತಿತ್ತು. ಆದರೂ ಹನ್ನೊಂದು ವರ್ಷದ ಹಿಂದಿನ ಆ ಬರಿಗಾಲು ನೆನಪಾಗಿ ನನಗೆ ಸಂಕಟವಾಯಿತು.

ಸೆಪ್ಟೆಂಬರ್ 1ರಂದು ಅಳಿಯ ಮುಖ್ಯಮಂತ್ರಿಯಾದರು. 1996ರ ಜನವರಿ 18ರಂದು ರಾಮರಾಯರು ಹೃದಯಾಘಾತದಿಂದ ತೀರಿಕೊಂಡರು.

ಆ ಬೇಸಗೆಯಲ್ಲಿ ಮತ್ತೆ ಹೋಗಿದ್ದೆ. ಪಟ ಅಲ್ಲೇ ಇತ್ತು. ಅದರ ಮುಂದೆ ಹೊಸ ಹೂವು. ಸ್ನಾನ ಮುಗಿಸಿ ಬಂದವನು, ಕೈ ಮುಗಿಯಲೋ ಬೇಡವೋ ಎಂದು ನಿಂತೆ.

“ಎಲೆ ಹಾಕಿ ಎಷ್ಟು ಹೊತ್ತಾಯಿತು, ಬಾರೋ” ಎಂದರು ಅತ್ತೆ ಒಳಗಿನಿಂದ.