ಮಧ್ಯಾಹ್ನ ಎರಡರಿಂದ ಐದು

2025ರ ಮೇ 4, ಭಾನುವಾರ. ಇವತ್ತೊಂದು ದಿನಕ್ಕೆ ನೀವು ಬಾಳ್ಳುಪೇಟೆಯ ಹದಿನೆಂಟರ ಹುಡುಗಿ. ಕನ್ನಡಿ ಮುಂದೆ ನಿಂತು ಮೂಗುಬೊಟ್ಟು ತೆಗೆಯಲು ಒದ್ದಾಡುತ್ತಿದ್ದೀರಿ. ಹಾಕಿಸಿದಾಗಿನಿಂದ ಬಿಚ್ಚಿಲ್ಲ, ತಿರುಪು ಕಚ್ಚಿಕೊಂಡಿದೆ. ಅಜ್ಜಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, "ತಡಿ ಮಗಾ, ಅಲ್ಲಾಡಬ್ಯಾಡ" ಎಂದು ಉಗುರಲ್ಲೇ ತಿರುವುತ್ತಾರೆ. ಓಲೆ, ಬಳೆ ಆಗಲೇ ಡಬ್ಬಿ ಸೇರಿವೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಒಡವೆ ಕೂಡದು, ತುಂಬುತೋಳು ಕೂಡದು, ಶೂ ಕೂಡದು, ವಾಚೂ ಕೂಡದು. ವರ್ಷವಿಡೀ ಬರೆದ ಮಾಕ್ ಟೆಸ್ಟುಗಳಲ್ಲಿ ನಿಮ್ಮ ಮೂಗಿನ ಗೊಡವೆ ಯಾರಿಗೂ ಇರಲಿಲ್ಲ.

ಸಕಲೇಶಪುರದ ಕಡೆಯಿಂದ ಬಂದ ಬಸ್ಸು ಪಾಳ್ಯ ದಾಟಿ ಹಾಸನದತ್ತ ಓಡುತ್ತಿದೆ. ತೋಟದ ಕೆಲಸ ಬಿಟ್ಟು ಬಂದ ಅಪ್ಪನ ತೊಡೆಯ ಮೇಲೆ ಪ್ಲಾಸ್ಟಿಕ್ ಕವರು: ಪ್ರವೇಶಪತ್ರ, ಆಧಾರ್, ಫೋಟೊ, ಲೇಬಲ್ ಕಿತ್ತ ನೀರಿನ ಬಾಟಲಿ. ಮತ್ತೆ ಮತ್ತೆ ತೆಗೆದು ನೋಡಿ, "ಎಲ್ಲಾ ಐತೆ ಕಣಮ್ಮ" ಎನ್ನುತ್ತಾರೆ. ನೀವು ಕೇಳಿಯೇ ಇರಲಿಲ್ಲ.

ಒಂದೂವರೆಗೆ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ತಪಾಸಣೆ, ಬೆರಳಚ್ಚು, ಕೊಠಡಿ ಹುಡುಕಾಟ, ಆಮೇಲೆ ಬರೀ ಕಾಯುವುದು. ಮಾಕ್ ಟೆಸ್ಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋಗುತ್ತಿದ್ದಿರಿ, ಪಕ್ಕದಲ್ಲಿ ಗೆಳತಿ, ಪೇಪರು ಕೈಗೆ ಬಂದದ್ದೇ ಶುರು. ಇಲ್ಲಿ ಊಟದ ಹೊತ್ತು ದಾಟಿದೆ, ಸೆಕೆ, ಅಂಗೈ ಬೆವರುತ್ತಿದೆ. ಸುತ್ತ ಒಂದೂ ಗುರುತಿನ ಮುಖವಿಲ್ಲ.

ಎರಡು ಗಂಟೆ. ಬೆಲ್ಲು. ಮೂರು ಗಂಟೆಯಲ್ಲಿ 180 ಪ್ರಶ್ನೆ, 720 ಅಂಕ. ಮೊದಲು ಭೌತಶಾಸ್ತ್ರ, ಕೊನೆಗೆ ಜೀವಶಾಸ್ತ್ರ. ಮಾಕ್‌ನಲ್ಲಿ ರೂಢಿ ಮಾಡಿಕೊಂಡಂತೆ ನೀವು 91ನೇ ಪ್ರಶ್ನೆಗೆ ಹಾರುತ್ತೀರಿ. ಜೀವಶಾಸ್ತ್ರದ 90 ಪ್ರಶ್ನೆ ಎನ್‌ಸಿಇಆರ್‌ಟಿ ಸಾಲುಗಳ ನಂಟರೇ, ಕೈ ಓಡುತ್ತದೆ. ಮಾಕ್‌ನಲ್ಲಾದರೆ ಎಲ್ಲವನ್ನೂ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು, ಕೊನೆಗೆ ಒಂದೇ ಉಸಿರಿಗೆ ಓಎಂಆರ್ ತುಂಬುತ್ತಿದ್ದಿರಿ. ಹೊತ್ತು ಸಾಲದಿದ್ದರೆ ಸರ್ ಐದು ನಿಮಿಷ ಬಿಡುತ್ತಿದ್ದರು. ಇಲ್ಲಿ ಪೆನ್ನೂ ಅವರದೇ, ಗಡಿಯಾರವೂ ಅವರದೇ. 117ರ ಉತ್ತರ 118ರ ಸುತ್ತಿಗೆ ಬಿತ್ತೋ, ಅಳಿಸುವಂತಿಲ್ಲ. ನಿಬ್ಬನ್ನು ವೃತ್ತದ ಅಂಚಿಗೆ ಊರಿ ಒಳಗೊಳಗೆ ಸುತ್ತುತ್ತಾ ತುಂಬುತ್ತಿದ್ದೀರಿ; ಅಷ್ಟರಲ್ಲಿ ಮೇಲ್ವಿಚಾರಕರು ಸಹಿಗೆ ಬಂದು ನಿಲ್ಲುತ್ತಾರೆ. ಸಹಿ ಹಾಕಿ ತಿರುಗುವಾಗ ಓದುತ್ತಿದ್ದ ಸಾಲು ತಪ್ಪಿದೆ.

ಈಗ ಭೌತಶಾಸ್ತ್ರ. ಮಾಕ್ ಪೇಪರು ತೆಗೆಯುತ್ತಿದ್ದವರು ಪಾಠ ಮಾಡಿದವರೇ. ಯಾವ ಸರ್ ಯಾವ ಲೆಕ್ಕ ಕೊಡುತ್ತಾರೆಂಬುದು ನಿಮಗೆ ಬಾಯಿಪಾಠವಾಗಿತ್ತು. ಈ ಪೇಪರು ತೆಗೆದವರ ಮರ್ಜಿ ಯಾರಿಗೂ ಗೊತ್ತಿಲ್ಲ. ಲೆಕ್ಕಗಳು ಉದ್ದ, ಒಂದಕ್ಕೆ ನಾಲ್ಕು ನಿಮಿಷ ನುಂಗುತ್ತವೆ. ಆಯ್ಕೆಯ ಊರುಗೋಲೂ ಇಲ್ಲ: 2024ರವರೆಗೆ 200ರಲ್ಲಿ 180ಕ್ಕೆ ಉತ್ತರಿಸಿದರೆ ಸಾಕಿತ್ತು, 200 ನಿಮಿಷವೂ ಇತ್ತು. ಮೊದಲ ಪಿಯುಸಿಯಲ್ಲಿ ನೀವು ಬರೆದ ಮಾಕ್‌ಗಳೆಲ್ಲ ಆ ಲೆಕ್ಕಾಚಾರದವು.

ಗೊತ್ತಿಲ್ಲದ್ದಕ್ಕೂ ಸುತ್ತು ತುಂಬಲು ಕೈ ಹೋಗುತ್ತದೆ. ಏಪ್ರಿಲ್ 16, 17ಕ್ಕೆ ರಾಜ್ಯದ ಸಿಇಟಿ ಬರೆದ ಕೈ ಅದು. ಅಲ್ಲಿ ತಪ್ಪಿಗೆ ದಂಡವಿಲ್ಲ, ಎಲ್ಲವನ್ನೂ ತುಂಬಿಬಂದಿರಿ. ಇಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆ.

ಐದು ಗಂಟೆ. ಗೇಟಿನಾಚೆ ಅಪ್ಪ ಏನೂ ಕೇಳದೆ ನೀರಿನ ಬಾಟಲಿ ಚಾಚುತ್ತಾರೆ. ಕೇಳುವವರು ಬಸ್ಸಿನಲ್ಲಿ ಸಿಗುತ್ತಾರೆ: "ಎಷ್ಟು ಬರುತ್ತಮ್ಮಾ?" ರಾತ್ರಿ ಮೊಬೈಲಿನಲ್ಲಿ ಕೀ ಉತ್ತರ ನೋಡಿ ಕೂಡಿಸಿದರೆ 480. ಮಾಕ್‌ನಲ್ಲಿ 610ಕ್ಕೆ ಇಳಿದರೆ ಅಳು ಬರುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಮಾತು ನಿಲ್ಲಿಸಿದ್ದಾರೆ.

ಇಷ್ಟು ಹೊತ್ತು ಆ ಬೆಂಚಿನಲ್ಲಿ ಕೂತ ನಿಮಗೆ ಒಂದು ಮಾತು. ಮಾಕ್ ಸುಳ್ಳಲ್ಲ, ಆದರೆ ಅದು ಅಳೆದದ್ದು ನಿಮ್ಮ ಓದನ್ನು. ಆ ಮಧ್ಯಾಹ್ನವನ್ನಲ್ಲ, ಆ ವರ್ಷದ ಪೇಪರನ್ನಂತೂ ಅಲ್ಲವೇ ಅಲ್ಲ. ಮುಂದಿನ ಸಲ ಬರೆಯುವವರು ಊಟ ಮುಗಿಸಿ, ಎರಡಕ್ಕೇ ಕೂತು, ವಾಚು ಬಿಚ್ಚಿಟ್ಟು, ಹಳೆಯ ಅಸಲಿ ಪತ್ರಿಕೆಯನ್ನೇ ಪೆನ್ನಲ್ಲಿ ಬರೆಯಲಿ. ಮನೆಯವರು ಅಂಕಕ್ಕೆ ಹೆದರುವ ಮೊದಲು ರ‍್ಯಾಂಕ್ ನೋಡಲಿ, ಸೀಟು ಹಂಚುವುದು ಅದರ ಮೇಲೆ. 2024ರ ಪರಿಷ್ಕೃತ ಪಟ್ಟಿಯಲ್ಲಿ 720ಕ್ಕೆ 720 ತೆಗೆದವರು 17 ಜನ. 2025ರ ಜೂನ್ 14ಕ್ಕೆ ಫಲಿತಾಂಶ ಬಂದಾಗ ಇಡೀ ದೇಶಕ್ಕೆ ಮೊದಲಿಗರಾದವರ ಅಂಕ 686. 650 ದಾಟಿದವರು 73 ಮಂದಿ ಮಾತ್ರ.