ಕುಂಬಳದ ಮೇಲೊಂದು ತಂಬೂರಿ

ಮಿರಜಿನ ಸಿತಾರ್‌ಮೇಕರ್ ಗಲ್ಲಿಯಲ್ಲಿ ಕುಂಬಳ ಕಂಡರೆ ಯಾರಿಗೂ ಸಾಂಬಾರಿನ ನೆನಪಾಗುವುದಿಲ್ಲ. ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಿಂದ ಬಂದ ಒಣ ಬುರುಡೆಗಳು ಅಲ್ಲಿ ಅಟ್ಟದ ತನಕ ಪೇರಿಸಿಕೊಂಡಿರುತ್ತವೆ. ಅದರಲ್ಲಿ ಯಾವುದು ತಂಬೂರಿಗೆ, ಯಾವುದು ಸಿತಾರಿಗೆ ಎಂದು ಕಾರಾಗೀರ ಬೆರಳಲ್ಲಿ ತಟ್ಟಿಯೇ ಹೇಳುತ್ತಾನೆ. ಈ ಊರಿನ ತಂಬೂರಿ, ಸಿತಾರಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಇಂಥ ಊರಲ್ಲಿ ಬಾಳುವ ನಾನು ಮೊನ್ನೆ ಮೈನ್‌ಕ್ರಾಫ್ಟ್‌ನಲ್ಲಿ ಭಕ್ತಿಯಿಂದ ಒಂದು ಕುಂಬಳ ಇಟ್ಟು, ಅದರ ಮೇಲೆ ಸ್ವರ ನುಡಿಸುವ ನೋಟ್ ಬ್ಲಾಕ್ ಕೂರಿಸಿ ಬಾರಿಸಿದರೆ ಬಂದದ್ದೇನು? ಆಸ್ಟ್ರೇಲಿಯಾದ ಡಿಜೆರಿಡೂ! ಹೊಟ್ಟೆ ಕೆಟ್ಟ ಎಮ್ಮೆ ನರಳಿದ ಹಾಗೆ.

ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಅವನ ತಕರಾರು ಕುಂಬಳದ್ದಲ್ಲ, ಒಟ್ಟು ಆಟದ್ದೇ. “ಮಾಮಾ, ಐವತ್ತ ಸಾವಿರದ ಮಷಿನ್ ತಗೊಂಡು ಇಟ್ಟಂಗಿ ಹಚ್ಚಕೋತ ಕುಂತೀರಲ್ಲ!” ಕನ್ಸೋಲಿಗೆ ಕುದುರೆಯ ಮೈಮೇಲಿನ ಒಂದೊಂದು ಕೂದಲನ್ನೂ ತೋರಿಸುವ ತಾಕತ್ತಿದೆ. ನಾನು ನೋಡುತ್ತಿರುವುದು ಹದಿನಾರಕ್ಕೆ ಹದಿನಾರು ಚುಕ್ಕೆಗಳ ಮಣ್ಣುಹೆಂಟೆ. 2025ರಲ್ಲಿ ಇದೇ ಆಟಕ್ಕೆ ನೀರಲ್ಲಿ ಮೋಡ ಹೊಳೆಯುವ ವೈಬ್ರಂಟ್ ವಿಶುವಲ್ಸ್ ಬಂತು. ಅವನು ಹಚ್ಚುತ್ತಾನೆ, ನಾನು ಆರಿಸುತ್ತೇನೆ. ಮನೆಯ ಪಡಸಾಲೆ ಲೈಟಿನ ವಿಷಯದಲ್ಲೂ ನಮ್ಮಿಬ್ಬರದು ಇದೇ ಕಥೆ.

ಅವನಿಗೆ ತಿಳಿಯದ್ದೊಂದಿದೆ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಕಾರ್ಟ್ರಿಜ್ ಆಟ ಆಡಿದವರ ಮನಸ್ಸಲ್ಲಿ ಒಂದು ಹಳೇ ಬಾಕಿ ಉಳಿದಿದೆ. ಮಾರಿಯೋ ಜಿಗಿದು ಮುಷ್ಟಿಯಿಂದ ಗುದ್ದಿ ಇಟ್ಟಂಗಿ ಒಡೆಯುತ್ತಿದ್ದ. ಆ ಇಟ್ಟಂಗಿ ಎಲ್ಲಿ ಹೋಗುತ್ತಿತ್ತು? ಕಿಸೆಗೆ ಹಾಕಿಕೊಂಡು ಮುಂದಿನ ಗುಂಡಿಯ ಮೇಲೆ ಇಟ್ಟು ದಾಟಬಾರದೇ ಎಂದು ನನಗೆ ಪ್ರತಿ ಸಲ ಅನಿಸುತ್ತಿತ್ತು. ನಾವೆಲ್ಲ ‘ಟ್ಯಾಂಕ್’ ಎನ್ನುತ್ತಿದ್ದ ಬ್ಯಾಟಲ್ ಸಿಟಿಯಲ್ಲಿ ‘ಕನ್‌ಸ್ಟ್ರಕ್ಷನ್’ ಎಂಬ ಸಾಲೊಂದಿತ್ತು. ಅದರೊಳಗೆ ಹೊಕ್ಕು ಗೋಡೆ, ನೀರು, ಪೊದೆ ನಮಗೆ ಬೇಕಾದಲ್ಲಿ ಇಡಬಹುದಿತ್ತು. ಗುಂಡು ಹಾರಿಸುವುದಕ್ಕಿಂತ ಅದರಲ್ಲೇ ನನ್ನ ಮಧ್ಯಾಹ್ನಗಳು ಕಳೆದವು. ಲೈಟ್ ಹೋಯಿತೋ, ಕಟ್ಟಿದ್ದೆಲ್ಲ ಮಾಯ. 2011ರಲ್ಲಿ ಮೈನ್‌ಕ್ರಾಫ್ಟ್, ಟೆರೇರಿಯಾ ಎರಡೂ ಬಂದು, ಮುಂದಿನ ಎರಡು ವರ್ಷಗಳಲ್ಲಿ ಕನ್ಸೋಲ್‌ಗಳಿಗೂ ಇಳಿದಾಗ, ಯಾರೋ ಆ ಬಾಕಿ ತೀರಿಸಿದಂತಾಯಿತು. ಒಡೆದ ಇಟ್ಟಂಗಿ ಕೈಗೆ ಬರುತ್ತದೆ, ಇಟ್ಟ ಇಟ್ಟಂಗಿ ನಾಳೆಗೂ ಇರುತ್ತದೆ. ಮೇಲಾಗಿ ಒಂದು ಬ್ಲಾಕ್ ಎಂದರೆ ಒಂದು ಮೀಟರ್. ಅದಕ್ಕಿಂತ ನಯ ಮಾಡಲು ಹೋದರೆ ಆಟ ಹೆಚ್ಚೇನೂ ಬಿಡುವುದಿಲ್ಲ. ಆ ಒರಟುತನದೊಳಗೇ ಏನಾದರೂ ಹೊಂದಿಸಬೇಕು. ನನಗೆ ಹುಚ್ಚು ಹಿಡಿಸಿದ್ದು ಅದೇ.

ಹೊಂದಿಸುವುದು ಎಂದರೆ ನನ್ನ ಮಟ್ಟಿಗೆ ತಂಬೂರಿ. ನೋಟ್ ಬ್ಲಾಕಿನ ಅತಿ ಕೆಳಗಿನ ಸ್ವರ ನಮ್ಮ ಲೆಕ್ಕದ ಕಾಳಿ ತೀನ್, ಅಂದರೆ ಹಾರ್ಮೋನಿಯಮ್ಮಿನ ಮೂರನೇ ಕರಿ ಮನೆ. ಬಟನ್ ಒತ್ತಿದಂತೆ ಅರ್ಧರ್ಧ ಸ್ವರ ಏರಿ ಎರಡು ಸಪ್ತಕ ಮುಟ್ಟುತ್ತದೆ. ಹಾಗಾಗಿ ಖರ್ಜಕ್ಕೆ, ಅಂದರೆ ಕೆಳಗಿನ ಸಾಗೆ, ಒತ್ತುವುದೇ ಬೇಡ, ಪಂಚಮಕ್ಕೆ ಏಳು, ನಡುವಿನ ಸಾಗೆ ಹನ್ನೆರಡು. ಪ ಸಾ ಸಾ ಸಾ, ನಾಲ್ಕು ಬ್ಲಾಕ್. ನಡುವೆ ರೆಡ್‌ಸ್ಟೋನ್ ರಿಪೀಟರ್. ಒಂದು ರಿಪೀಟರ್ ಹೆಚ್ಚೆಂದರೆ 0.4 ಸೆಕೆಂಡು ತಡೆಯುತ್ತದೆ. ತಂಬೂರಿಗೆ ಅಷ್ಟು ಅವಸರ ಒಗ್ಗದು, ಎರಡೆರಡು ಹಾಕಬೇಕು. ಖರ್ಜ ಆದ ಮೇಲೆ ಇನ್ನೊಂದು ಹೆಚ್ಚಿಗೆ, ಉಸಿರಾಡಲಿಕ್ಕೆ. ಕೆಳಗೆ ಉಣ್ಣೆ ಇಟ್ಟರೆ ಗಿಟಾರಿನ ದನಿ, ಮೇವಿನ ಪೆಂಡಿ ಇಟ್ಟರೆ ಬ್ಯಾಂಜೋ. ನನ್ನ ಗುಟ್ಟು ಇಲ್ಲಿದೆ: ಪ್ರತಿ ಉಣ್ಣೆಯ ಬ್ಲಾಕಿಗೂ ಹತ್ತು ಹೆಜ್ಜೆ ಆಚೆ ಪೆಂಡಿಯ ಮೇಲೊಂದು ಜೋಡಿ ಇಟ್ಟು, ಅದು ಒಂದೇ ಒಂದು ಟಿಕ್ ತಡವಾಗಿ ಬಾರಿಸುವಂತೆ ಮಾಡುವುದು. ದೂರದ್ದು ಮೆತ್ತಗೆ ಕೇಳುತ್ತದೆ. ಹತ್ತಿರದ ದನಿಯ ಅಂಚಿಗೆ ಝೇಂಕಾರದಂಥದ್ದು ಹತ್ತುತ್ತದೆ. ನಿಜವಾದ ತಂಬೂರಿಯಲ್ಲಿ ತಂತಿಯಡಿ ನೂಲು ಸರಿಸಿ ಜವಾರಿ ಬಿಡಿಸುತ್ತಾರಲ್ಲ, ಅದರ ದೂರದ ಬೀಗರು ಎನ್ನಬಹುದು. ನೋಟ್ ಬ್ಲಾಕಿನ ನೆತ್ತಿಯ ಮೇಲೆ ಏನೂ ಇಡಬೇಡಿ, ದನಿಯೇ ಹೊರಡದು. ತಲೆಯ ಮೇಲೆ ಭಾರ ಹೊತ್ತವರು ಹಾಡುವುದಿಲ್ಲ, ಬಿಡಿ.

ಇಷ್ಟಾದರೂ ಗಂಧಾರ ಬರಲಿಲ್ಲ. ಒಳ್ಳೆಯ ತಂಬೂರಿಯ ಖರ್ಜ ಮೀಟಿದರೆ, ಯಾರೂ ಮೀಟದ ಗಂಧಾರ ತಾನಾಗಿ ಏಳುತ್ತದೆ. ತಂತಿ ಒಂದು ಸಲ ಅಲುಗುವಷ್ಟರಲ್ಲಿ ಅದರೊಳಗಿನ ಐದನೇ ಪಾಲು ಐದು ಸಲ ಅಲುಗುತ್ತದೆ, ಅದೇ ಅದು. ನೋಟ್ ಬ್ಲಾಕ್ ಅಲುಗುವುದೇ ಇಲ್ಲವಲ್ಲ! ಸರಿ, ನಾಲ್ಕು ಒತ್ತಿನ ಬ್ಲಾಕೊಂದನ್ನು ಗುಡ್ಡದ ಹಿಂದೆ ಇಟ್ಟು ಗಂಧಾರ ಕದ್ದು ತಂದೆ. ಅದು ಏರು. ಹಾರ್ಮೋನಿಯಮ್ಮಿನ ಹಾಗೆ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರ ಫಲ. ಸಹಜ ಗಂಧಾರಕ್ಕಿಂತ 14 ಸೆಂಟ್ ಮೇಲೆ. ಪಂಚಮದಲ್ಲಿ ಎರಡೇ ಸೆಂಟಿನ ವ್ಯತ್ಯಾಸ, ಸಹಿಸಬಹುದು. ಈ ಗಂಧಾರವನ್ನು ಮಾತ್ರ, ಖ್ವಾಜಾ ಶಮನಾ ಮೀರಾ ದರ್ಗಾದಲ್ಲಿ ಗವಾಯಿ ಅಬ್ದುಲ್ ಕರೀಂ ಖಾನರು ಮಲಗಿರುವ ಊರಲ್ಲಿ, ಕಿಟಕಿ ತೆರೆದು ಬಾರಿಸಲು ಧೈರ್ಯ ಸಾಲದು. ಕುಂದಗೋಳದ ಸವಾಯಿ ಗಂಧರ್ವರಿಗೆ ಸ್ವರ ತಿದ್ದಿಕೊಟ್ಟ ಕಿವಿ ಅದು.

ಸಹಜ ಸ್ವರಕ್ಕೂ ಸಮಪಾಲಿನ ಸ್ವರಕ್ಕೂ ಇರುವ ಈ ಜಗಳ ನನ್ನಿಂದ ಶುರುವಾದದ್ದಲ್ಲ. ಪಕ್ಕದ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರಿದ್ದರು. ಪೆನ್ಷನ್ ಬಂದವರು ತೋಟ ಮಾಡುತ್ತಾರೆ, ಕೋರ್ಟು ಹತ್ತುತ್ತಾರೆ. ಇವರು ತಂತಿಯ ಉದ್ದ ಅಳೆಯುತ್ತ ಕೂತರು. ಖಾನಸಾಹೇಬರ ಕಂಠದ ನೆರವು ಪಡೆದು ಇಪ್ಪತ್ತೆರಡು ಶ್ರುತಿಗಳಿಗೆ ಲೆಕ್ಕ ಹಾಕಿ 1910ರಲ್ಲಿ ಪುಸ್ತಕ ಮಾಡಿದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಜಡ್ಜ್ ಜತೆಯಾದರು. ಶ್ರುತಿ ಹಾರ್ಮೋನಿಯಂ ಎಂಬ ಪೆಟ್ಟಿಗೆಯೇ ತಯಾರಾಯಿತು. ದೊಡ್ಡ ದೊಡ್ಡ ಗವಾಯಿಗಳು ಅದನ್ನು ಒಪ್ಪಲಿಲ್ಲ. ಸ್ವರ ಎಂಬುದು ಮನೆಗೆ ಹಾಕಿದ ನಂಬರ್ ಪ್ಲೇಟೇ ಎಂಬುದು ಅವರ ಪ್ರಶ್ನೆ. ಮುಂದೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟು ಮೂರು ದಶಕ ಒಳಗೆ ಬಿಡಲಿಲ್ಲ. ಲೆಕ್ಕದವರು, ಗವಾಯಿಗಳು, ನನಗೆ ಇಬ್ಬರ ಸಿಟ್ಟೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ನಮ್ಮ ಆಟದ ಗೆಳೆಯರ ಬಗೆ. ತಂಬೂರಿ ತೋರಿಸಿದರೆ “ರೆಡಿಮೇಡ್ ಸಿಗ್ತದಲ್ಲ” ಎನ್ನುತ್ತಾರೆ. ಅರಮನೆ ರೆಡಿಮೇಡ್, ಊರು ರೆಡಿಮೇಡ್, ಹಾಡು ರೆಡಿಮೇಡ್. ಹಾಗಾದರೆ ಇವರು ಬಟನ್ ಒತ್ತುವುದಾದರೂ ಯಾತಕ್ಕೆ? ಸಿನಿಮಾ ನೋಡಬಾರದೇ? ನಾಲ್ಕು ಇಟ್ಟಂಗಿ ಸ್ವಂತ ಕೈಯಿಂದ ಇಡದವನು ನನಗೆ ರಿಪೀಟರ್ ಎಲ್ಲಿ ಹಾಕಬೇಕೆಂದು ಹೇಳಿಕೊಡಲು ಬರುತ್ತಾನೆ!

ಅವರಲ್ಲೊಬ್ಬ ಹೇಳಿದ್ದು ಮಾತ್ರ ನಿದ್ದೆ ಕೆಡಿಸಿತು. ಪ್ಲೇಸೌಂಡ್ ಎಂಬ ಕಮಾಂಡ್ ಇದೆ. ಅದರಲ್ಲಿ ಸ್ವರವನ್ನು ದಶಾಂಶದಲ್ಲಿ ಕೊಡಬಹುದು. ಸಾ 1 ಆದರೆ ಗಂಧಾರ 1.25, ನಾಲ್ಕಕ್ಕೆ ಐದು, ದೇವಲರ ಲೆಕ್ಕ ಇದ್ದ ಹಾಗೇ! ಕಮಾಂಡ್ ಬೇಕೆಂದರೆ ಚೀಟ್ಸ್ ತೆರೆಯಬೇಕು. ತೆರೆದರೆ ಆ ಲೋಕದಲ್ಲಿ ಮುಂದೆಂದೂ ಟ್ರೋಫಿ ಸಿಗದು. ಟ್ರೋಫಿ ಹೋಗಲಿ. ಬ್ಲಾಕೇ ಇಲ್ಲದೆ ಟೈಪ್ ಮಾಡಿದ ಸಾಲಿನಿಂದ ಸ್ವರ ಬರುವುದಾದರೆ ನಾನೂ ರೆಡಿಮೇಡ್ ಗಿರಾಕಿಯೇ ಆದೆನಲ್ಲ? ಒಂದು ವಾರ ತಡೆದುಕೊಂಡೆ. ಆಮೇಲೆ ಲೋಕದ ಇನ್ನೊಂದು ಪ್ರತಿ ಮಾಡಿ, ಅದಕ್ಕೆ ‘ದೇವಲ್’ ಎಂದು ಹೆಸರಿಟ್ಟು, ಕಮಾಂಡ್ ಹೊಡೆದೇಬಿಟ್ಟೆ. ಗಂಧಾರ ಕೂತಿತು. ಎಷ್ಟು ಸರಿಯಾಗಿ ಕೂತಿತೆಂದರೆ ಕೀಬೋರ್ಡ್ ಕಲಿಯುತ್ತಿರುವ ಅಕ್ಕನ ಮಗ ಮೊಬೈಲ್ ಕೆಳಗಿಟ್ಟು ಕೇಳಿದ. ಈಗ ಅವನೂ ಇಟ್ಟಂಗಿ ಹಚ್ಚುವ ಪಾರ್ಟಿ. ಸದ್ಯ ತೋಡಿ ರಾಗದ ಕೋಮಲ ಗಂಧಾರಕ್ಕೆ ಯಾವ ಅಂಕಿ ಹೊಡೆಯಬೇಕೆಂದು ಇಬ್ಬರಿಗೂ ಹತ್ತಿಕೊಂಡಿದೆ. ಅವನು 1.2 ಎನ್ನುತ್ತಾನೆ, ಪುಸ್ತಕದ ಅಂಕಿ. ತೋಡಿಗೆ ಅದು ಏರು, 1.185ಕ್ಕೂ ಇನ್ನೊಂದಿಷ್ಟು ಕೆಳಗೇ ಬೇಕು ಎಂದು ನಾನು.